ದೊಡ್ಡ ಜಾಗದ ಹಳೆಮನೆ: ಮುಂಗಡ ಕೊಡುವ ಮುನ್ನ ಹಿತ್ತಲಿಗೆ ಹೋಗಿ ಬನ್ನಿ

ನಮ್ಮ ಕರಾವಳಿಯಲ್ಲಿ ಮನೆ ನೋಡಲು ಹೊರಟವರು ಕೇಳುವ ಮೊದಲ ಪ್ರಶ್ನೆ ‘ಎಷ್ಟು ಸೆಂಟ್ಸ್?’ ಆಮೇಲೆ ರಸ್ತೆ, ಮಸೀದಿ, ಶಾಲೆ ಎಲ್ಲ ಬರುತ್ತವೆ. ‘ಬಾವಿಗೂ ಪಾಯಿಖಾನೆ ಗುಂಡಿಗೂ ಎಷ್ಟು ದೂರ?’ ಎಂದು ಕೇಳುವವರು ಬಹಳ ಕಡಿಮೆ. ಕೇಳಿದರೆ ಮಾರುವವರಿಗೂ ಮುಜುಗರ, ಕೇಳುವವರಿಗೂ ಮುಜುಗರ. ಆದರೆ ಆ ಮನೆಯಲ್ಲಿ ಮುಂದಿನ ಇಪ್ಪತ್ತು ವರ್ಷ ನಿಮ್ಮ ಮಕ್ಕಳ ಹೊಟ್ಟೆ ಹೇಗಿರುತ್ತದೆ ಎಂಬುದನ್ನು ತೀರ್ಮಾನಿಸುವುದು ಈ ಪ್ರಶ್ನೆಯೇ.

ಮಕ್ಕಳು ಊರು ಬಿಟ್ಟು ಕೊಲ್ಲಿಗೋ ಬೆಂಗಳೂರಿಗೋ ಹೋದ ಮೇಲೆ ಮಾರಾಟಕ್ಕೆ ಬರುವ ಹಳೆಮನೆಗಳು ಈಗ ಬಹಳ. ಇಪ್ಪತ್ತೈದು, ಮೂವತ್ತು ಸೆಂಟ್ಸ್ ಜಾಗ, ಹಂಚಿನ ಮಾಡು, ಕೆಂಪುಕಲ್ಲಿನ ಗೋಡೆ, ನಾಲ್ಕು ತೆಂಗು, ಒಂದು ಹಲಸು. ಕೊಳ್ಳುವವರೂ ಹಲವು ಸಲ ಕೊಲ್ಲಿಯಲ್ಲೇ ಇರುತ್ತಾರೆ. ತಮ್ಮನೋ ಭಾವನೋ ಮೊಬೈಲ್ ಹಿಡಿದು ಚಾವಡಿಯಿಂದ ಅಡುಗೆಮನೆಯವರೆಗೆ ನಡೆದು ವಿಡಿಯೋ ಕಾಲ್‌ನಲ್ಲಿ ತೋರಿಸುತ್ತಾನೆ. ಮರದ ಬಾಗಿಲು ಚೆನ್ನಾಗಿ ಕಾಣುತ್ತದೆ. ಬಚ್ಚಲಿನ ವಾಸನೆ ಮಾತ್ರ ಮೊಬೈಲ್‌ನಲ್ಲಿ ಬರುವುದಿಲ್ಲ.

ಹಳೆಮನೆ ಕೊಳ್ಳಬೇಡಿ ಎಂದು ನಾನು ಹೇಳುತ್ತಿಲ್ಲ. ದಪ್ಪ ಗೋಡೆಯ, ಎತ್ತರದ ಮಾಡಿನ ಆ ಮನೆಗಳಲ್ಲಿ ಎಪ್ರಿಲ್ ತಿಂಗಳಲ್ಲೂ ಮಧ್ಯಾಹ್ನ ಮಲಗಬಹುದು. ಅವುಗಳ ತೊಂದರೆ ಮೂಲ ಮನೆಯಲ್ಲಿರುವುದಕ್ಕಿಂತ ಆಮೇಲೆ ಸೇರಿಸಿದ್ದರಲ್ಲೇ ಹೆಚ್ಚು. ಒಂದು ಕಾಲದಲ್ಲಿ ಪಾಯಿಖಾನೆ ಮನೆಯಿಂದ ದೂರ, ತೋಟದ ಮೂಲೆಯಲ್ಲಿತ್ತು. ಮಗನ ಮದುವೆಗೆ ಒಂದು ಕೋಣೆಗೆ ಬಾತ್‌ರೂಮ್ ಕೂಡಿಸಿದರು. ಅಜ್ಜಿಗೆ ನಡೆಯಲು ಆಗದಾಗ ಇನ್ನೊಂದು ಬಂತು. ಪ್ರತಿಸಲವೂ ಅನುಕೂಲ ಕಂಡ ಕಡೆ ಒಂದು ಗುಂಡಿ ತೋಡಿದರು, ತುಂಬಿದ ಹಳೆಯದರ ಮೇಲೆ ಮಣ್ಣು ಹಾಕಿದರು. ಹಾಗಾಗಿ ಹಿತ್ತಲಲ್ಲಿ ಎಷ್ಟು ಗುಂಡಿಗಳಿವೆ ಎಂಬುದು ಮಾರುವವರಿಗೇ ಗೊತ್ತಿರುವುದಿಲ್ಲ. ಕೆಲಸ ಮಾಡಿದ ಮೇಸ್ತ್ರಿಯನ್ನು ಹುಡುಕಿ ಕೇಳಿ. ಊರಿನಲ್ಲಿ ಅವರು ಸಿಕ್ಕೇ ಸಿಗುತ್ತಾರೆ.

ನಮ್ಮಲ್ಲಿ ಈ ಗುಂಡಿಗಳಲ್ಲಿ ಹೆಚ್ಚಿನವು ತಳಕ್ಕೆ ಕಾಂಕ್ರೀಟ್ ಇಲ್ಲದವು. ‘ಮೂವತ್ತು ವರ್ಷವಾಯಿತು, ಒಮ್ಮೆಯೂ ತುಂಬಿಲ್ಲ’ ಎಂದು ಹೆಮ್ಮೆಯಿಂದ ಹೇಳುವವರಿದ್ದಾರೆ. ತುಂಬಿಲ್ಲ ಎಂದರೆ ನೀರು ಎಲ್ಲಿಗೋ ಹೋಗುತ್ತಿದೆ ಎಂದೇ ಅರ್ಥ. ಕೆಂಪುಕಲ್ಲಿನ ಪದರದಲ್ಲಿ ಸಣ್ಣಸಣ್ಣ ಕೊಳವೆಗಳಂಥ ತೂತುಗಳಿವೆ, ಬಿರುಕುಗಳಿವೆ. ಮರಳಿನಲ್ಲಿ ಸೋಸಿ ಇಳಿದಂತೆ ನೀರು ಇದರಲ್ಲಿ ಇಳಿಯುವುದಿಲ್ಲ, ಹರಿದೇ ಹೋಗುತ್ತದೆ. ಇಂಗುಗುಂಡಿ ಕುಡಿಯುವ ನೀರಿನ ಮೂಲದಿಂದ ಕನಿಷ್ಠ 18 ಮೀಟರ್, ಅಂದರೆ ಸುಮಾರು 60 ಅಡಿ ದೂರವಿರಬೇಕು ಎನ್ನುತ್ತದೆ ಭಾರತೀಯ ಮಾನಕ. ಅಂತರದ ಜೊತೆಗೆ ಇಳಿಜಾರನ್ನೂ ನೋಡಿ. ಗುಂಡಿ ಮೇಲೆ, ಬಾವಿ ಕೆಳಗೆ ಇದ್ದರೆ 60 ಅಡಿಯನ್ನೂ ನಂಬಿ ಕೂರಬೇಡಿ. ಬೇಲಿಯ ಆಚೆ ಪಕ್ಕದ ಮನೆಯವರ ಗುಂಡಿ ಎಲ್ಲಿದೆ ಎಂಬುದೂ ಈ ಲೆಕ್ಕಕ್ಕೆ ಬರುತ್ತದೆ. ನೀರಿಗೆ ಬೇಲಿ ಗೊತ್ತಿಲ್ಲ.

ಇಲ್ಲಿ ದೊಡ್ಡ ಜಾಗದ ನಿಜವಾದ ಬೆಲೆ ತಿಳಿಯುತ್ತದೆ. ಒಂದು ಸೆಂಟ್ ಎಂದರೆ ಸುಮಾರು 40 ಚದರ ಮೀಟರ್. ಚೌಕಾಕಾರದ ಐದು ಸೆಂಟ್ಸ್ ಜಾಗದ ಒಂದು ಬದಿ 14 ಮೀಟರ್ ಚಿಲ್ಲರೆ, ಮೂಲೆಯಿಂದ ಮೂಲೆಗೆ ಅಳೆದರೂ 20 ಮೀಟರ್. ಬಾವಿ ಒಂದು ಮೂಲೆಯಲ್ಲಿ, ಗುಂಡಿ ಅದರ ಎದುರು ಮೂಲೆಯಲ್ಲಿ ಬಂದರೆ ಮಾತ್ರ 18 ಮೀಟರ್ ಹೇಗೋ ಸಿಕ್ಕೀತು, ಆ ಎರಡು ಮೂಲೆಗಳ ಆಚೆ ನೆರೆಯವರ ಗುಂಡಿ ಇಲ್ಲದಿದ್ದರೆ. ಮೂವತ್ತು ಸೆಂಟ್ಸ್ ಚೌಕದ ಬದಿ ಸುಮಾರು 35 ಮೀಟರ್. ಅಲ್ಲಿ ಬಾವಿ, ಮನೆ, ಗುಂಡಿ ಮೂರಕ್ಕೂ ಮರ್ಯಾದೆಯ ಅಂತರ ಸಿಗುತ್ತದೆ. ನೀವು ಹೆಚ್ಚು ಹಣ ಕೊಡುತ್ತಿರುವುದು ಈ ಅಂತರಕ್ಕೆ.

ಆದರೆ ನಾವು ಮಾಡುವುದೇನು? ‘ಈಗ ಒಟ್ಟಿಗೆ ಕೊಳ್ಳೋಣ, ಆಮೇಲೆ ಮೂವರು ಅಣ್ಣತಮ್ಮಂದಿರು ಹತ್ತತ್ತು ಸೆಂಟ್ಸ್ ಮಾಡಿಕೊಳ್ಳೋಣ’ ಅಥವಾ ‘ಅರ್ಧ ಮಾರಿ ಸಾಲ ತೀರಿಸೋಣ’ ಎಂಬ ಲೆಕ್ಕ ಹಾಕುತ್ತೇವೆ. ಲೆಕ್ಕ ಸರಿಯೇ ಇರಬಹುದು. ಆದರೆ ಆ ದಿನ ಒಂದು ಬಾವಿಯ ಸುತ್ತ ಮೂರು ಮನೆ, ಮೂರಕ್ಕೂ ಗುಂಡಿ. ಹಂಚಿಕೊಳ್ಳುವುದಿದ್ದರೆ ನಕ್ಷೆಯಲ್ಲಿ ಮನೆಗಳಿಗಿಂತ ಮೊದಲು ಬಾವಿಯನ್ನೂ ಗುಂಡಿಯ ಜಾಗವನ್ನೂ ಗುರುತು ಹಾಕಿ. ಮೂರು ಮನೆಗೆ ಸೇರಿ ಇಳಿಜಾರಿನ ಕೆಳಬದಿಯಲ್ಲಿ ಒಂದೇ ಸರಿಯಾದ ಸೆಪ್ಟಿಕ್ ಟ್ಯಾಂಕ್ ಕಟ್ಟಿಸಿ, ಎರಡು-ಮೂರು ವರ್ಷಕ್ಕೊಮ್ಮೆ ಲಾರಿ ಬಂದು ಖಾಲಿ ಮಾಡುವಷ್ಟು ದಾರಿ ಬಿಡಿ. ಅಣ್ಣತಮ್ಮಂದಿರ ನಡುವೆ ಮುಂದೆ ಬರುವ ಒಂದು ಜಗಳವೂ ಇದರಿಂದ ತಪ್ಪುತ್ತದೆ.

ನೀರನ್ನು ಪರೀಕ್ಷೆ ಮಾಡಿಸದೆ ಮುಂಗಡ ಕೊಡಬೇಡಿ. ವುಝೂ ಮಾಡುವ ನೀರಿನ ಬಣ್ಣ, ವಾಸನೆ, ರುಚಿ ಕೆಟ್ಟಿದೆಯೇ ಎಂದು ನೋಡಲು ನಾವು ಚಿಕ್ಕಂದಿನಿಂದ ಕಲಿತಿದ್ದೇವೆ. ಕುಡಿಯುವ ನೀರಿನ ಮಟ್ಟಿಗೆ ಅಷ್ಟೇ ಸಾಲದು. ಕನ್ನಡಿಯಂಥ ನೀರಿನಲ್ಲೂ ಮಲದ ರೋಗಾಣು ಇರಬಹುದು. 100 ಮಿಲಿಲೀಟರ್ ನೀರಿನಲ್ಲಿ ಇ-ಕೋಲಿ ಒಂದೂ ಇರಬಾರದು ಎಂಬುದು ಮಾನಕ. ಕುಡಿಯುವ ನೀರಿನ ಸರಕಾರಿ ಪ್ರಯೋಗಾಲಯ ಅಥವಾ ಮಾನ್ಯತೆ ಪಡೆದ ಖಾಸಗಿ ಲ್ಯಾಬ್‌ನವರು ಕೊಡುವ ಶುದ್ಧ ಬಾಟಲಿಯಲ್ಲೇ ನೀರು ತುಂಬಿಸಿ, ತಂಪಾಗಿಟ್ಟು ಅದೇ ದಿನ ತಲುಪಿಸಿ. ಹಳೆಯ ಶರಬತ್ ಬಾಟಲಿ ತೊಳೆದು ಕೊಂಡೊಯ್ದರೆ ಬರುವ ವರದಿ ಆ ಬಾಟಲಿಯದ್ದು. ಇ-ಕೋಲಿಯ ಜೊತೆ ನೈಟ್ರೇಟ್ ಕೂಡ ನೋಡಿಸಿ. ಲೀಟರಿಗೆ 45 ಮಿಲಿಗ್ರಾಂ ಅದರ ಮಿತಿ. ‘ಕುದಿಸಿ ಕುಡಿದರಾಯಿತು’ ಎನ್ನುವವರಿಗೆ ಇದನ್ನು ಹೇಳಬೇಕು: ಕುದಿಸಿದರೆ ರೋಗಾಣು ಸಾಯುತ್ತದೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ. ಆ ನೀರಿನಲ್ಲಿ ಪುಡಿಹಾಲು ಕಲಸಿ ಕುಡಿಸಿದರೆ ಆರು ತಿಂಗಳೊಳಗಿನ ಮಗುವಿನ ರಕ್ತಕ್ಕೆ ಆಮ್ಲಜನಕ ಒಯ್ಯುವ ಶಕ್ತಿ ಕುಗ್ಗಬಹುದು.

ಪರೀಕ್ಷೆಗೆ ಕೆಟ್ಟ ಕಾಲವನ್ನೇ ಆರಿಸಿಕೊಳ್ಳಿ. ನೀರು ಎಷ್ಟಿದೆ ಎಂಬುದು ಮೇ ತಿಂಗಳಲ್ಲಿ ಬಾವಿಯ ತಳ ನೋಡಿದಾಗ ಗೊತ್ತಾಗುತ್ತದೆ. ನೀರು ಹೇಗಿದೆ ಎಂಬುದು ಮೊದಲ ಜೋರುಮಳೆಯ ನಂತರ. ಕರಾರು ಹೇಗೂ ಕೆಲವು ತಿಂಗಳು ಎಳೆಯುತ್ತದೆ, ಸಾಧ್ಯವಿದ್ದರೆ ಒಂದು ಮಳೆ ಅದರೊಳಗೆ ಬರಲಿ.

ಮಳೆ ಕಾಯಲು ಆಗದಿದ್ದರೆ ಗೋಡೆ ನೋಡಿ. ನೆಲದಿಂದ ಎರಡು ಅಡಿಯವರೆಗೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ, ಬಿಳಿ ಉಪ್ಪು ಹೂತಂತೆ ಕಂಡರೆ, ಕಪಾಟಿನ ಹಿಂಬದಿ ಬೂಷ್ಟು ವಾಸನೆ ಬಂದರೆ ಮಳೆಗಾಲದಲ್ಲಿ ಆ ಗೋಡೆ ಒದ್ದೆಯಾಗಿಯೇ ಇರುತ್ತದೆ. ಅಸ್ತಮಾ ಇರುವವರಿಗೆ, ಪುಟ್ಟ ಮಕ್ಕಳಿಗೆ ಬೂಷ್ಟು ಹಿಡಿದ ಮನೆ ಆಗಿಬರುವುದಿಲ್ಲ. ಪಕ್ಕಾಸು, ರೀಪುಗಳಿಗೆ ಗೆದ್ದಲು ಹಿಡಿದಿದ್ದರೆ ಬದಲಿಸಬಹುದು, ಅದು ಹಣದ ಪ್ರಶ್ನೆ. ತೇವ ಹಾಗಲ್ಲ. ಮೇಲಿನ ಜಾಗದ ಮಳೆನೀರು ಗೋಡೆಯ ಬುಡಕ್ಕೇ ಬರುತ್ತಿದ್ದರೆ ಕಣಿ ತೋಡಿ ಬದಿಗೆ ತಿರುಗಿಸುವವರೆಗೂ ನೀವು ವರ್ಷವರ್ಷ ಬಣ್ಣ ಬಳಿಯುತ್ತಲೇ ಇರಬೇಕು.

ಇನ್ನು ಹಿಂದೆ ಇಳಿಸಿಕಟ್ಟಿದ ಅಡುಗೆಮನೆ. ಅದರ ಮೇಲಿನ ಬೂದುಬಣ್ಣದ ‘ಸಿಮೆಂಟ್ ಶೀಟ್’ ಬಹುತೇಕ ಆಸ್ಬೆಸ್ಟಾಸ್ ಬೆರೆತದ್ದು. ಎಲ್ಲ ಬಗೆಯ ಆಸ್ಬೆಸ್ಟಾಸ್ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗಟ್ಟಿಯಾಗಿದ್ದರೆ ಅಪಾಯ ಕಡಿಮೆ. ಒಡೆದಾಗ, ಕೊರೆದಾಗ, ಗರಗಸ ಹಾಕಿದಾಗ ಏಳುವ ಧೂಳು ಎದೆಗೆ ಹೋಗುತ್ತದೆ. ತೆಗೆಸುವುದಾದರೆ ನೀರು ಚಿಮುಕಿಸಿ, ಒಡೆಯದೆ ಇಳಿಸಲಿ. ಚೂರುಗಳನ್ನು ಅಂಗಳದ ಹೊಂಡ ತುಂಬಲು ಬಳಸಬೇಡಿ. ಕಿಟಕಿ ಬಾಗಿಲುಗಳ ಹಳೆಯ ಆಯಿಲ್ ಪೇಂಟ್‌ಗೂ ಇದೇ ಎಚ್ಚರ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೆಯದನ್ನು ಒಣಗಿದಂತೆಯೇ ಉಜ್ಜಿ ತೆಗೆಯುವಾಗ ಗರ್ಭಿಣಿಯರೂ ಮಕ್ಕಳೂ ಆ ಮನೆಯಲ್ಲಿ ಇರಕೂಡದು.

ತೋಟವನ್ನು ಪೂರ್ತಿ ನಡೆದು ನೋಡಿ, ಗೇಟಿನಲ್ಲೇ ನಿಂತು ಕೈಚಾಚಿ ತೋರಿಸಿದ್ದನ್ನು ನಂಬಬೇಡಿ. ಪೊದೆಯೊಳಗೆ ಇನ್ನೊಂದು ಪಾಳುಬಾವಿ ಇರಬಹುದು. ಮಕ್ಕಳಿಗೆ ಅದು ಮರಣದ ಬಾಯಿ, ಸೊಳ್ಳೆಗೆ ತೊಟ್ಟಿಲು. ವರ್ಷಗಟ್ಟಲೆ ಮುಚ್ಚಿದ ಬಾವಿಗೆ ‘ಸ್ವಚ್ಛ ಮಾಡೋಣ’ ಎಂದು ಯಾರನ್ನೂ ಇಳಿಸಬೇಡಿ. ತಳದಲ್ಲಿ ಉಸಿರಾಡುವ ಗಾಳಿಯೇ ಇಲ್ಲದಿರಬಹುದು, ಮೊದಲು ಇಳಿದವನನ್ನು ಎತ್ತಲು ಹೋದವನೂ ಉಳಿಯುವುದಿಲ್ಲ. ಅಡಿಕೆ ಹಾಳೆ, ತೆಂಗಿನ ಗೆರಟೆ, ಒಡೆದ ಟಾಂಕಿಗಳಲ್ಲಿ ನಿಂತ ನೀರಿನಲ್ಲಿ ಡೆಂಗಿ ಹರಡುವ ಸೊಳ್ಳೆ ಹುಟ್ಟುತ್ತದೆ. ಅಡಿಕೆತೋಟವಿದ್ದ ಜಾಗವಾದರೆ ಮೈಲುತುತ್ತು, ಕೀಟನಾಶಕ ಇಡುತ್ತಿದ್ದ ಕೊಟ್ಟಿಗೆ ಯಾವುದೆಂದು ಕೇಳಿಕೊಳ್ಳಿ, ಅದನ್ನೇ ತೊಳೆದು ದವಸದ ಕೋಣೆ ಮಾಡಬೇಡಿ. ವಯರಿಂಗ್ ಬಗ್ಗೆ ಒಂದೇ ಮಾತು: ಹಳೆಯದಾದರೆ ಪೂರ್ತಿ ಕಿತ್ತು ಹೊಸದು ಹಾಕಿಸಿ, ಅರ್ಥ್ ಜೊತೆಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇರಲಿ.

ಮಾರುವವರು ದೋಷ ಮುಚ್ಚಿಟ್ಟು ಮಾರಬಾರದೆಂಬುದು ನಮ್ಮಲ್ಲಿ ಯಾರಿಗೂ ಹೊಸದಾಗಿ ಕಲಿಸಬೇಕಾದ ಪಾಠವಲ್ಲ. ಆದರೂ ಕೇಳುವುದು ಕೊಳ್ಳುವವರ ಕೆಲಸ. ನೀರಿನ ವರದಿ ಕೆಟ್ಟು ಬಂದರೆ ಮುಂಗಡ ವಾಪಸು ಎಂಬ ಒಂದು ಸಾಲನ್ನು ಕರಾರಿನಲ್ಲಿ ಬರೆಸಿ. ಆರ್‌ಟಿಸಿ, ಋಣಭಾರ ಪತ್ರ, ಭೂಪರಿವರ್ತನೆಯ ಆದೇಶವನ್ನು ವಕೀಲರು ನೋಡಲಿ, ಮಾರುವವರ ಅಕ್ಕತಂಗಿಯರ ಪಾಲು ತೀರಿದೆಯೇ ಎಂಬುದನ್ನೂ ನೋಡಲಿ.

ಮತ್ತು ಮನೆ ನೋಡಲು ಹೋಗುವಾಗ ಗಂಡಸರಷ್ಟೇ ಹೋಗಬೇಡಿ. ಉಮ್ಮನನ್ನೋ ಹೆಂಡತಿಯನ್ನೋ ಕರೆದುಕೊಂಡು ಹೋಗಿ, ಅವರನ್ನು ಚಾವಡಿಯಲ್ಲಿ ಕೂರಿಸಿ ಶರಬತ್ ಕುಡಿಸುವುದಕ್ಕಲ್ಲ. ಅಡುಗೆಮನೆಯಲ್ಲಿ ಅರ್ಧ ಗಂಟೆ ನಿಂತು, ಕಿಟಕಿ ತೆರೆದು, ಪಾತ್ರೆ ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂದು ಹಿಂದೆ ಹೋಗಿ ನೋಡಿ ಅವರು ಹೇಳಲಿ. ದರದ ಮಾತು ಅದಾದ ಮೇಲೆ ಆಡಿದರೂ ತಡವಾಗುವುದಿಲ್ಲ.