ಮೂರ್ಛೆರೋಗಿಗಳ ಮಿದುಳಿನ ಕಾಂತೀಯ ಪರೀಕ್ಷೆಗೆ ಸರ್ಕಾರಿ ಸಂಶೋಧನಾ ಘಟಕ ಕೋರಿ ಮನವಿ

ಗೆ,
ಪ್ರಧಾನ ಕಾರ್ಯದರ್ಶಿಗಳು,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ,
ತಮಿಳುನಾಡು ಸರ್ಕಾರ,
ಸೇಂಟ್ ಜಾರ್ಜ್ ಕೋಟೆ, ಚೆನ್ನೈ.

ಇಂದ,
ಚೆನ್ನೈಯಲ್ಲಿ ನೆಲೆಸಿರುವ ಕನ್ನಡಿಗ ಮೂರ್ಛೆರೋಗಿಗಳು ಮತ್ತು ಮನೆಯವರು.

ಮಾನ್ಯರೇ,

ಇಲ್ಲಿನ ಸರ್ಕಾರಿ ಜನರಲ್ ಆಸ್ಪತ್ರೆಯಲ್ಲಿ 1950ರಲ್ಲಿ ಡಾ. ಬಿ. ರಾಮಮೂರ್ತಿಯವರು ನರಶಸ್ತ್ರಚಿಕಿತ್ಸಾ ವಿಭಾಗ ತೆರೆದರು. ಅದರಿಂದ ಬೆಳೆದ ನರವಿಜ್ಞಾನ ಸಂಸ್ಥೆಯನ್ನು ನಂಬಿಯೇ ಈ ಮನವಿ ಸಲ್ಲಿಸುತ್ತಿದ್ದೇವೆ.

ಫಿಟ್ಸ್ ಬಂದವರ ಕೈಗೆ ಕಬ್ಬಿಣದ ಬೀಗದಕೈ ತುರುಕುವುದನ್ನು ನಮ್ಮೂರಲ್ಲೂ ಕಂಡಿದ್ದೇವೆ, ಇಲ್ಲಿಯೂ ಕಾಣುತ್ತೇವೆ. ಅದನ್ನು ಬಿಟ್ಟು ಆಸ್ಪತ್ರೆಗೆ ಬಂದು ಮಾತ್ರೆ ಹಿಡಿದ ಮೇಲೂ ಸುಮಾರು ಮೂವರಲ್ಲಿ ಒಬ್ಬರಿಗೆ ರೋಗ ಹತೋಟಿಗೆ ಬರುವುದಿಲ್ಲ. ಕೊಟ್ಟ ಔಷಧ ಹಿಡಿಸಿತೇ ಎಂದು ತಿಳಿಯಲು ಮುಂದಿನ ಫಿಟ್ಸ್ ಬರುತ್ತದೋ ಇಲ್ಲವೋ ಎಂದು ಕಾಯಬೇಕು. ಹೀಗೆ ಕಾಯುವಾಗಲೇ ಮಕ್ಕಳ ಶಾಲೆ ತಪ್ಪುತ್ತದೆ, ದುಡಿಯುವವರ ಕೆಲಸ ಹೋಗುತ್ತದೆ, ಒಲೆಯ ಮುಂದೆ ನಿಂತ ತಾಯಿಯ ಮೈ ಸುಡುತ್ತದೆ.

ಈ ಕಾಯುವಿಕೆ ತಗ್ಗಿಸಲು ಕಾಂತೀಯ ಪ್ರಚೋದನೆ ನೆರವಾಗಬಹುದು. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಆಂಟನಿ ಬಾರ್ಕರ್ ಮತ್ತು ಸಂಗಡಿಗರು ತೋರಿಸಿಕೊಟ್ಟ ವಿಧಾನವಿದು. ತಲೆಯ ಮೇಲೆ ತಂತಿಸುರುಳಿ ಹಿಡಿದು ಕ್ಷಣಮಾತ್ರ ವಿದ್ಯುತ್ ಹರಿಸಿದರೆ, ಅದರ ಕಾಂತಕ್ಷೇತ್ರ ತಲೆಬುರುಡೆ ದಾಟಿ ಮಿದುಳಿನ ಹೊರಪದರವನ್ನು ಮುಟ್ಟುತ್ತದೆ. ಕೈಯನ್ನು ಆಡಿಸುವ ಭಾಗಕ್ಕೆ ಅದು ತಾಗಿದರೆ ಕೈಬೆರಳು ತಾನಾಗಿ ಅದುರುತ್ತದೆ. ಅದುರಲು ಎಷ್ಟು ಬಲ ಬೇಕಾಯಿತು, ಬಿಗಿಹಿಡಿದ ಸ್ನಾಯು ಆಮೇಲೆ ಎಷ್ಟು ಹೊತ್ತು ಸುಮ್ಮನಾಯಿತು ಎಂಬುದರಿಂದ ಮಿದುಳು ಎಷ್ಟು ಬೇಗ ಕೆರಳುತ್ತದೆಂದು ಅಳೆಯಬಹುದು. ಔಷಧ ಆರಂಭಿಸಿದ ಮೇಲೆ ಈ ಕೆರಳಿಕೆ ಇಳಿಯುವುದಕ್ಕೂ ಫಿಟ್ಸ್ ನಿಲ್ಲುವುದಕ್ಕೂ ನಂಟಿದೆಯೆಂದು ಮೆಲ್ಬರ್ನಿನ ವೈದ್ಯರು 2010ರಲ್ಲಿ ಪ್ರಕಟಿಸಿದ್ದಾರೆ. ನಮ್ಮ ಜನರಲ್ಲಿಯೂ ಇದು ನಿಜವೇ ಎಂಬುದು ಇಲ್ಲಿಯೇ ಪರೀಕ್ಷಿಸಿ ತಿಳಿಯಬೇಕಾದ ಸಂಗತಿ. ಲಾಡಿಹುಳುವಿನ ಮರಿಕೋಶ ಮಿದುಳಿಗೆ ಸೇರಿ ಬರುವ ಮೂರ್ಛೆ ನಮ್ಮ ದೇಶದಲ್ಲಿ ಸಾಮಾನ್ಯ. ಅಂಥ ರೋಗಿಗಳನ್ನು ಹೊರಗಿಟ್ಟು ಮಾಡಿದ ಅಧ್ಯಯನ ನಮಗೆ ಸಾಲದು.

ಆದ್ದರಿಂದ ನರವಿಜ್ಞಾನ ಸಂಸ್ಥೆಯಲ್ಲಿ ಮೂರ್ಛೆರೋಗಕ್ಕೇ ಮೀಸಲಾದ ಕಾಂತೀಯ ಪ್ರಚೋದನೆಯ ಸಂಶೋಧನಾ ಘಟಕ ಸ್ಥಾಪಿಸಿ, ಕನಿಷ್ಠ ಐದು ವರ್ಷದ ಅನುದಾನ ಕೊಡಬೇಕು. ಅಪರೂಪವಾದರೂ ಈ ಪರೀಕ್ಷೆಯೇ ಫಿಟ್ಸ್ ಕೆರಳಿಸುವುದುಂಟು. ಹಾಗಾಗಿ ನರರೋಗ ತಜ್ಞರೂ ತುರ್ತು ಔಷಧವೂ ಪಕ್ಕದಲ್ಲೇ ಇರಬೇಕು. ತಲೆಯಲ್ಲಿ ಲೋಹದ ಸಾಧನ ಇರುವವರನ್ನು ಮೊದಲೇ ವಿಚಾರಿಸಿ ತಡೆಯಬೇಕು. ಒಪ್ಪಿಗೆ ಪತ್ರ ತಮಿಳು, ತೆಲುಗು, ಕನ್ನಡ, ಉರ್ದುಗಳಲ್ಲಿರಲಿ. ಓದಲು ಬಾರದವರಿಗೆ ಓದಿ ಹೇಳಲಿ. ಕೂಲಿ ಬಿಟ್ಟು ಬರುವವರಿಗೆ ಅಂದಿನ ಕೂಲಿಯನ್ನೂ ಬಸ್ ಖರ್ಚನ್ನೂ ಭರಿಸಬೇಕು.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇವೆ. ಮೂರ್ಛೆ ನಿಲ್ಲಿಸುವ ಚಿಕಿತ್ಸೆಯಾಗಿ ಈ ವಿಧಾನ ಇನ್ನೂ ಖಚಿತವಾಗಿ ಸಾಬೀತಾಗಿಲ್ಲ. ಅಧ್ಯಯನದ ಹೆಸರಿನಲ್ಲಿ ಯಾರೂ ಮಾತ್ರೆ ಬಿಡಿಸಬಾರದು. ಗುಣಪಡಿಸುತ್ತೇವೆಂದು ಹಣ ಪಡೆಯುವವರ ಮೇಲೆ ಕ್ರಮ ಜರುಗಿಸಬೇಕು.

ಪರೀಕ್ಷೆಗೆ ಕೂರಲು ನಮ್ಮಲ್ಲಿ ಹಲವರು ಸಿದ್ಧರಿದ್ದೇವೆ. ತಾವು ನಮ್ಮ ನಿಯೋಗಕ್ಕೆ ಭೇಟಿಯ ದಿನವೊಂದನ್ನು ಗೊತ್ತುಮಾಡಿಕೊಡಬೇಕೆಂದು ವಿನಂತಿಸುತ್ತೇವೆ.