ರಾತ್ರಿ ಪಾಳಿಯಲ್ಲಿ ಎಷ್ಟು ಮಂದಿ?

ಮುಂಡಾಜೆಯಲ್ಲಿ ಜೈಲಿಲ್ಲ. ಆದರೆ ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ ಕಡೆಯ ಹುಡುಗನೊಬ್ಬನಿಗೆ ನ್ಯಾಯಾಂಗ ಬಂಧನ ಆಯಿತೆಂದರೆ ಆತ ಸಾಮಾನ್ಯವಾಗಿ ಹೋಗಿ ಸೇರುವುದು ಮಂಗಳೂರಿನ ಕೊಡಿಯಾಲ್‌ಬೈಲ್ ಜೈಲಿಗೆ. ಮುಲಾಕಾತಿಗೆಂದು ಮುಂಡಾಜೆಯಿಂದ ಹೊರಟ ತಾಯಿ ಉಜಿರೆ, ಮಡಂತ್ಯಾರು, ಬಿ.ಸಿ.ರೋಡು ದಾಟಿ ಎಪ್ಪತ್ತು ಚಿಲ್ಲರೆ ಕಿಲೋಮೀಟರ್ ಬಸ್ಸಿನಲ್ಲಿ ಕೂತು, ಆಧಾರ್ ಕಾರ್ಡು ಹಿಡಿದು ಗೇಟಿನೆದುರು ನಿಲ್ಲಬೇಕು. ಚೀಟಿ ಬರೆಯುವುದು, ಚೀಲ ತಪಾಸಣೆ ಮಾಡುವುದು, ಒಳಗಿನಿಂದ ಮಗನನ್ನು ಕರೆತರುವುದು ಎಲ್ಲಕ್ಕೂ ಆಳು ಬೇಕು. ಆಳಿಲ್ಲದಿದ್ದರೆ ಕಾಯುವುದೊಂದೇ ದಾರಿ.

ಕಾಯುವುದು ಸಣ್ಣ ಕಷ್ಟ. ದೊಡ್ಡ ಕಷ್ಟ ಇರುವುದು ಗೋಡೆಯ ಒಳಗೆ. 2015ರ ನವೆಂಬರ್ 2ರಂದು ಇದೇ ಜೈಲಿನಲ್ಲಿ ಎರಡು ಗುಂಪುಗಳು ಹೊಡೆದಾಡಿಕೊಂಡು ಇಬ್ಬರು ವಿಚಾರಣಾಧೀನ ಕೈದಿಗಳು ಕೊಲೆಯಾದರು. 2024ರ ಜುಲೈಯಲ್ಲಿ ಪೊಲೀಸರು ನಸುಕಿನಲ್ಲಿ ದಾಳಿ ಮಾಡಿದಾಗ ಸಿಕ್ಕಿದ್ದು 25 ಮೊಬೈಲ್ ಮತ್ತು ಗಾಂಜಾ. ಇಂಥ ಸುದ್ದಿ ಬಂದಾಗಲೆಲ್ಲ ನಾವು ಭ್ರಷ್ಟ ಸಿಬ್ಬಂದಿ ಎಂದು ಬೈದು ಮುಗಿಸುತ್ತೇವೆ. ಭ್ರಷ್ಟರು ಇಲ್ಲವೆಂದಲ್ಲ. ಆದರೆ ಪ್ರಾಮಾಣಿಕನೂ ಕೈಚೆಲ್ಲುವಂಥ ಒಂದು ಲೆಕ್ಕ ಇದರ ಹಿಂದೆ ಇದೆ.

ಕೇಂದ್ರದ 2016ರ ಮಾದರಿ ಕಾರಾಗೃಹ ಕೈಪಿಡಿ ಆರು ಕೈದಿಗಳಿಗೆ ಒಬ್ಬ ಕಾವಲು ಸಿಬ್ಬಂದಿ ಇರಬೇಕು ಎನ್ನುತ್ತದೆ. ಇನ್ನೂರ ಚಿಲ್ಲರೆ ಮಂದಿಗೆಂದು ಇರುವ ಕೊಡಿಯಾಲ್‌ಬೈಲಿನಲ್ಲಿ ಮುನ್ನೂರು ದಾಟುವುದು ಮಾಮೂಲು. ಲೆಕ್ಕಕ್ಕೆಂದು 350 ಕೈದಿಗಳು ಇದ್ದಾರೆ ಎಂದುಕೊಳ್ಳೋಣ. ಕೈಪಿಡಿಯ ಪ್ರಕಾರ 58 ಸಿಬ್ಬಂದಿ ಬೇಕು. ದೇಶದ ಜೈಲುಗಳಲ್ಲಿ ಮಂಜೂರಾದ ಹುದ್ದೆಗಳ ಪೈಕಿ ಸರಿಸುಮಾರು ಶೇ. 30 ಖಾಲಿ ಎನ್ನುತ್ತದೆ 2022ರ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ವರದಿ. ಆ ಸರಾಸರಿಯನ್ನೇ ಹಿಡಿದರೆ 58 ಅನ್ನುವುದು 40 ಆಗುತ್ತದೆ. ಮೂರು ಪಾಳಿಗೆ ಹಂಚಿದರೆ ತಲಾ 13. ವಾರದ ರಜೆ, ಕಾಯಿಲೆ, ತರಬೇತಿ ಕಳೆದು ಕೈಯಲ್ಲಿ ಉಳಿಯುವುದು ಹತ್ತು ಮಂದಿ. ಅವರಲ್ಲೇ ಗೇಟಿಗೆ, ಗೋಡೆಯ ಕಾವಲಿಗೆ, ಕಚೇರಿಗೆ ಬಿಟ್ಟರೆ ಬ್ಯಾರಕ್‌ಗಳ ನಡುವೆ ಓಡಾಡಲು ನಾಲ್ಕೋ ಐದೋ ಜನ. ಎದುರಿಗೆ 350.

ಈಗ ಆ ನಾಲ್ವರಲ್ಲಿ ಒಬ್ಬರ ಜಾಗದಲ್ಲಿ ನಿಂತು ನೋಡಿ. ಬ್ಯಾರಕ್ಕಿನ ಮೂಲೆಯಲ್ಲಿ ಒಬ್ಬ ಮೊಬೈಲಿನಲ್ಲಿ ಮಾತಾಡುತ್ತಿದ್ದಾನೆ. ಕಿತ್ತುಕೊಳ್ಳಲು ಹೋದರೆ ಸುತ್ತ ಮೂವತ್ತು ಮಂದಿ ಎದ್ದು ನಿಲ್ಲುತ್ತಾರೆ. ಸೀಟಿ ಊದಿದರೆ ಓಡಿ ಬರಲು ಹತ್ತಿರದಲ್ಲಿ ಯಾರೂ ಇಲ್ಲ. ಕಂಡೂ ಕಾಣದಂತೆ ಮುಂದೆ ಹೋಗುವುದೇ ಆ ಹೊತ್ತಿನ ಜಾಣತನ. ದಿನ ಕಳೆದಂತೆ ಬ್ಯಾರಕ್ಕಿನ ಶಾಂತಿ ಕಾಪಾಡುವ ಕೆಲಸ ಅಲ್ಲಿಯ ದಾದಾನ ಪಾಲಿಗೆ ಹೋಗುತ್ತದೆ. ಮಲಗುವ ಜಾಗದಿಂದ ಹಿಡಿದು ಎಲ್ಲದಕ್ಕೂ ಅವನ ಅಪ್ಪಣೆ ಬೇಕು. ಮೊದಲ ಸಲ ಒಳಗೆ ಬಂದ ಹಳ್ಳಿ ಹುಡುಗ ಆ ದಿನ ಕಲಿಯುವ ಪಾಠ: ಕಾಪಾಡುವವನು ಖಾಕಿ ತೊಟ್ಟವನಲ್ಲ, ಗುಂಪು ಕಟ್ಟಿದವನು. ನಮ್ಮ ಜಿಲ್ಲೆಯಲ್ಲಿ ಆ ಗುಂಪಿಗೆ ಧರ್ಮದ ಬಣ್ಣವೂ ಸೇರಿಕೊಳ್ಳುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಸಿಬ್ಬಂದಿಯ ಸುರಕ್ಷೆ ಬೇರೆ, ಕೈದಿಯ ಹಕ್ಕು ಬೇರೆ ಎಂದು ನಾವು ಎರಡು ಪಕ್ಷ ಮಾಡಿಕೊಂಡು ಜಗಳವಾಡುವುದು ನನಗೆ ಅರ್ಥವಾಗುವುದಿಲ್ಲ. ಇಬ್ಬರೂ ಪೆಟ್ಟು ತಿನ್ನುವುದು ಆಳಿನ ಕೊರತೆ ಎಂಬ ಒಂದೇ ಕಾರಣಕ್ಕೆ. ಇಂಗ್ಲೆಂಡಿನವರು ಇದನ್ನು ಕೈಸುಟ್ಟುಕೊಂಡು ಕಲಿತರು. 2010ರ ನಂತರ ಖರ್ಚು ಉಳಿಸಲೆಂದು ಅಲ್ಲಿಯ ಜೈಲು ಸಿಬ್ಬಂದಿಯಲ್ಲಿ ಸುಮಾರು ಕಾಲುಭಾಗ ಕಡಿತ ಮಾಡಿದರು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2010ರಲ್ಲಿ ಮೂರು ಸಾವಿರದೊಳಗಿದ್ದ ಸಿಬ್ಬಂದಿ ಮೇಲಿನ ಹಲ್ಲೆ 2018ಕ್ಕೆ ಹತ್ತು ಸಾವಿರ ದಾಟಿತು. ಕೈದಿಗಳ ನಡುವಿನ ಹೊಡೆದಾಟವೂ ಅದರ ಜೊತೆಗೇ ಏರಿತು. ಮತ್ತೆ ನೇಮಕ ಮಾಡಿಕೊಂಡರು ನಿಜ, ಆದರೆ ಹೋದ ಅನುಭವಿಗಳು ತಿರುಗಿ ಬರಲಿಲ್ಲ.

ನಮ್ಮಲ್ಲಿ ಆಳಿನ ಬದಲು ಯಂತ್ರ ತರುವ ಉತ್ಸಾಹ ಹೆಚ್ಚು. 2025ರಲ್ಲಿ ಕೊಡಿಯಾಲ್‌ಬೈಲಿನಲ್ಲಿ ಜಾಮರ್ ಹಾಕಿದಾಗ ಸುತ್ತಮುತ್ತಲಿನ ಅಂಗಡಿಯವರ, ವಕೀಲರ ಫೋನುಗಳೇ ಸತ್ತುಹೋಗಿ ಪ್ರತಿಭಟನೆ ನಡೆಯಿತು. ಅದೇ ವರ್ಷ ಸ್ಕೂಟರಿನಲ್ಲಿ ಬಂದವರು ರಸ್ತೆಯಿಂದಲೇ ಜೈಲಿನೊಳಗೆ ಪೊಟ್ಟಣ ಎಸೆದದ್ದು ಸಿಕ್ಕಿಬಿದ್ದದ್ದು ಆ ದಾರಿಯಲ್ಲಿ ಬರುತ್ತಿದ್ದ ಕಾರಿನ ಕ್ಯಾಮೆರಾದಲ್ಲಿ! ಸಿಸಿಟಿವಿಯ ಮುಂದೆ ಕೂತು ನೋಡುವವನು ಇಲ್ಲದಿದ್ದರೆ ಅದು ಆದದ್ದನ್ನು ಆಮೇಲೆ ತೋರಿಸೀತು, ಆಗುವುದನ್ನು ತಡೆಯಲಾರದು.

ಇನ್ನೊಂದು ಕೊಂಡಿಯನ್ನು ಹೆಚ್ಚಿನವರು ಗಮನಿಸುವುದಿಲ್ಲ. ದೇಶದ ಕೈದಿಗಳಲ್ಲಿ ಮುಕ್ಕಾಲು ಪಾಲು ವಿಚಾರಣಾಧೀನರು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನ ಪ್ರಕಾರ, ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಯಾಗಿರದ ಆರೋಪಿಯು ತನ್ನ ಮೇಲಿನ ಅಪರಾಧಕ್ಕಿರುವ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ಜೈಲಿನಲ್ಲೇ ಕಳೆದಿದ್ದರೆ ಬಿಡುಗಡೆಗೆ ಅರ್ಹ. ಮರಣದಂಡನೆ, ಜೀವಾವಧಿ ಶಿಕ್ಷೆಯ ಪ್ರಕರಣಗಳು ಮತ್ತು ಹಲವು ಕೇಸುಗಳಿರುವವರು ಇದರಿಂದ ಹೊರಗೆ. ಅವಧಿ ಮುಗಿದೊಡನೆ ಕೋರ್ಟಿಗೆ ಅರ್ಜಿ ಹಾಕುವ ಹೊಣೆ ಜೈಲು ಅಧೀಕ್ಷಕರದ್ದು. ಯಾರ ದಿನ ಎಂದು ತುಂಬುತ್ತದೆಂದು ಕಡತ ತೆಗೆದು ನೋಡುವ ಗುಮಾಸ್ತನೇ ಇಲ್ಲವಾದರೆ? ಹೊರಗೆ ಹೋಗಬೇಕಾದವನು ಒಳಗೇ ಉಳಿಯುತ್ತಾನೆ, ಬ್ಯಾರಕ್ಕು ಇನ್ನಷ್ಟು ತುಂಬುತ್ತದೆ, ಪಾಳಿಯ ನಾಲ್ವರಿಗೆ ಹೊರೆ ಇನ್ನಷ್ಟು ಬೀಳುತ್ತದೆ.

ಮುಡಿಪು ಬಳಿ, ಹಿಂದೆ ಬಂಟ್ವಾಳ ತಾಲೂಕಿನಲ್ಲಿದ್ದ ಕುರ್ನಾಡಿನಲ್ಲಿ, ಹೊಸ ಜೈಲಿನ ಕೆಲಸ ವರ್ಷಗಳಿಂದ ಕುಂಟುತ್ತಾ ಸಾಗಿದೆ. ಊರಿನ ನಡುವಿನಿಂದ ಜೈಲು ಹೊರಗೆ ಹೋಗುವುದು ಒಳ್ಳೆಯದೇ. ಆದರೆ ಜಾಗ ಹಿಗ್ಗಿದಷ್ಟೂ ನಡೆದು ಕಾಯಬೇಕಾದ ದೂರವೂ ಹಿಗ್ಗುತ್ತದೆ. ಕಟ್ಟಡದ ಅಂದಾಜು ಪಟ್ಟಿಯ ಜೊತೆಯಲ್ಲೇ ಕಾವಲು ಸಿಬ್ಬಂದಿಯ ನೇಮಕದ ಆದೇಶವೂ ಹೊರಡಬೇಕು. ಜೈಲುಗಳು ರಾಜ್ಯ ಪಟ್ಟಿಯ ವಿಷಯವಾದ್ದರಿಂದ ದೆಹಲಿಯತ್ತ ಕೈ ತೋರಿಸುವಂತಿಲ್ಲ. ಹಾಗೆಯೇ, ಜೈಲಿಗೆ ತಪಾಸಣೆಗೆ ಹೋಗುವ ನ್ಯಾಯಾಧೀಶರು, ಅಧಿಕಾರಿಗಳು ಅಡುಗೆಮನೆ ನೋಡಿ, ಸಾರಿನ ರುಚಿ ನೋಡಿ ಬರುವುದರ ಜೊತೆಗೆ ಹಾಜರಿ ಪುಸ್ತಕವನ್ನೂ ತರಿಸಿಕೊಳ್ಳಲಿ. ನಿನ್ನೆ ರಾತ್ರಿ ಪಾಳಿಯಲ್ಲಿ ಎಷ್ಟು ಮಂದಿ ಇದ್ದರು, ಒಳಗೆ ಎಷ್ಟು ಕೈದಿಗಳಿದ್ದರು ಎಂಬ ಎರಡು ಅಂಕಿಗಳನ್ನು ವರದಿಯ ಮೊದಲ ಸಾಲಿನಲ್ಲೇ ಬರೆಯಲಿ.