ನಿವೃತ್ತಿ ಮನೆಗೆ ಮೆಟ್ಟಿಲು ಯಾಕೆ ಸ್ವಾಮಿ?

ಬೆಂಗಳೂರಿನ ಯಾವ ಸಾಫ್ಟ್‌ವೇರ್ ಕಂಪನಿಗೆ ಬೇಕಾದ್ರೂ ಹೋಗಿ. ನಲವತ್ತರ ಆಸುಪಾಸಿನ ಒಬ್ಬರಲ್ಲ ಒಬ್ಬರ ಮೊಬೈಲಿನಲ್ಲಿ ಒಂದು ಮನೆಯ ಪ್ಲಾನ್ ಇದ್ದೇ ಇರುತ್ತೆ. ತುಮಕೂರು ಕಡೆಗೋ, ಕನಕಪುರ ಕಡೆಗೋ, ಸಕಲೇಶಪುರ ಕಡೆಗೋ ಒಂದೆರಡು ಎಕರೆ ಜಮೀನು. ಅದರಲ್ಲೊಂದು ಮನೆ. ರಿಟೈರ್ ಆದ್ಮೇಲೆ ಹೋಗಿ ಅಲ್ಲೇ ಇದ್ದುಬಿಡೋದು. ನಾನು ತಿಪಟೂರು ತಾಲ್ಲೂಕಿನ ಹಳ್ಳಿಯವನು ಅಂತ ಗೊತ್ತಾದ ಕೂಡಲೇ ಪ್ಲಾನ್ ತೆಗೆದು ತೋರಿಸ್ತಾರೆ. “ನೀವು ಹಳ್ಳಿಯವರು, ಹೇಗಿದೆ ಹೇಳಿ” ಅಂತಾರೆ. ನಾನು ಹೇಳೋದು ಅವರಿಗೆ ರುಚಿಸಲ್ಲ. ಅದಕ್ಕೇ ಇಲ್ಲಿ ಬರೀತಿದ್ದೀನಿ.

ನನ್ನ ಸೀನಿಯರ್ ಒಬ್ಬರ ಪ್ಲಾನನ್ನ ಆರು ವರ್ಷದಿಂದ ನೋಡ್ತಾ ಬಂದಿದ್ದೀನಿ. ಮೊದಲು ಇದ್ದದ್ದು ಏಳು ಚದರ. ಎರಡು ಕೋಣೆ, ಅಡುಗೆಮನೆ, ಮುಂದೊಂದು ಜಗಲಿ, ಮೇಲೆ ಮಂಗಳೂರು ಹೆಂಚು. ಆಮೇಲೆ ಮಕ್ಕಳು ಬಂದ್ರೆ ಮಲಗೋಕೆ ಬೇಕಲ್ಲ ಅಂತ ಮೇಲೊಂದು ರೂಮು ಸೇರಿತು. ಮೇಲೆ ರೂಮು ಬಂದ ಮೇಲೆ ಹೆಂಚು ಹೋಯ್ತು, ಆರ್‌ಸಿಸಿ ಬಂತು. ಆರ್‌ಸಿಸಿ ಹಾಕಿದ ಮೇಲೆ ಒಂದೇ ರೂಮು ಯಾಕೆ ಅಂತ ಎರಡಾಯ್ತು. ಖರ್ಚು ಏರಿತು, ಸಾಲ ಏರಿತು. ಸಾಲದ ಕಂತಿಗೆ ದಾರಿ ಏನು? ಶನಿವಾರ ಭಾನುವಾರ ಬಾಡಿಗೆಗೆ ಕೊಟ್ಟರಾಯ್ತು. ಬಾಡಿಗೆಗೆ ಬರೋರು ಸುಮ್ನೆ ಬರ್ತಾರಾ? ಈಜುಕೊಳ ಬೇಕು. ಈಗ ಇಪ್ಪತ್ತೆರಡು ಚದರಕ್ಕೆ ನಿಂತಿದೆ. ಇದನ್ನೆಲ್ಲ ತೀರಿಸೋಕೆ ಅಂದುಕೊಂಡಿದ್ದಕ್ಕಿಂತ ಐದು ವರ್ಷ ಹೆಚ್ಚು ಕೆಲಸ ಮಾಡಬೇಕಂತೆ. ನಿವೃತ್ತಿಗೆ ಅಂತ ಶುರುವಾದ ಮನೆ ನಿವೃತ್ತಿಯನ್ನೇ ಮುಂದಕ್ಕೆ ತಳ್ಳಿದೆ.

ಇದಕ್ಕೆ ಆಫೀಸಿನಲ್ಲಿ ನಾವೇ ಸ್ಕೋಪ್ ಕ್ರೀಪ್ ಅಂತ ಹೆಸರಿಟ್ಟು ಬೈತೀವಿ. ಪ್ಲಾನ್ ಬದಲಾಗೋದು ತಪ್ಪಲ್ಲ. ಯಾರ ಮಾತು ಕೇಳಿ ಬದಲಾಯ್ತು ಅನ್ನೋದು ಮುಖ್ಯ. ಒಂದು ಸಣ್ಣ ಆ್ಯಪ್ ಮಾಡೋಕೂ ಮೊದಲು ಇದನ್ನ ಬಳಸೋರು ಯಾರು ಅಂತ ಹತ್ತು ಸಲ ಕೇಳ್ತೀವಲ್ಲ? ಈ ಮನೆಯನ್ನ ಬಳಸೋನು ಎಪ್ಪತ್ತು ವರ್ಷದ ಮುದುಕ. ಬೇಕುಬೇಡ ಹೇಳ್ತಿರೋನು ನಲವತ್ತು ವರ್ಷದ, ಜಿಮ್‌ಗೆ ಹೋಗೋ ಮನುಷ್ಯ. ಮುದುಕನನ್ನ ಯಾರೂ ಒಂದು ಮಾತು ಕೇಳಿಲ್ಲ.

ಕೇಳಿದ್ರೆ ಏನು ಹೇಳ್ತಿದ್ದ? ನಮ್ಮಪ್ಪನಿಗೆ ಈಗ ಎಪ್ಪತ್ತೊಂದು, ಊರಲ್ಲೇ ಇದ್ದಾರೆ. ಮಂಡಿನೋವು. ಅಟ್ಟ ಹತ್ತಿ ಎಂಟು ವರ್ಷ ಆಯ್ತು. ಅವರಿಗೆ ಬೇಕಾಗಿರೋದು ರಾತ್ರಿ ಎದ್ದರೆ ಎಡವದೆ ತಲುಪೋ ಬಚ್ಚಲು, ಹಿಡ್ಕೊಳ್ಳೋಕೆ ಗೋಡೆಯಲ್ಲೊಂದು ಕಂಬಿ, ಜಾರದ ನೆಲ. ಹೋದ ವರ್ಷ ಒಂದು ರಾತ್ರಿ ಎದೆ ಹಿಡ್ಕೊಂಡಾಗ ಅಮ್ಮ ಕೂಗಿದ್ದು ಪಕ್ಕದ ಮನೆಯವರನ್ನ. ಆ ಮನೆ ಹುಡುಗ ಓಮ್ನಿ ತೆಗೆದು ತಿಪಟೂರಿಗೆ ಕರ್ಕೊಂಡು ಹೋದ. ಸುಮಾರು 140 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ಮಲಗಿದ್ದ ಮಗನಿಗೆ ವಿಷಯ ಗೊತ್ತಾಗಿದ್ದು ಆಮೇಲೆ. ಅಪ್ಪನ್ನ ಉಳಿಸಿದ್ದು ಕೂಗಿದ್ರೆ ಕೇಳಿಸೋ ಅಂತರದಲ್ಲಿ ಇನ್ನೊಂದು ಮನೆ ಇದ್ದದ್ದು. ನಮ್ಮ ಇಂಜಿನಿಯರುಗಳು ದುಡ್ಡು ಕೊಟ್ಟು ಹುಡುಕೋದು ಯಾರ ಕೂಗೂ ಕೇಳಿಸದ ಜಾಗವನ್ನ. 108ಕ್ಕೆ ಫೋನ್ ಮಾಡಬಹುದು, ಸರಿ. ಗಾಡಿಯವರಿಗೆ ಹೊಲದ ಮಧ್ಯದ ಮನೆಯ ದಾರಿ ಹೇಳೋರು ಯಾರು?

ಪ್ಲಾನ್ ಮಾಡುವಾಗ ಕೇಳದೇ ಬಿಟ್ಟ ಇನ್ನೊಬ್ಬರಿದ್ದಾರೆ: ಊರು. ದೇವರಾಜ ಅರಸರ ಕಾಲದಲ್ಲಿ, 1974ರ ತಿದ್ದುಪಡಿಯಲ್ಲಿ, ಉಳುವವನಿಗೆ ಭೂಮಿ ಅನ್ನೋ ಮಾತಿಗೆ ಬಲ ಬಂತು. ಬೇಸಾಯ ಮಾಡದವರು ಕೃಷಿ ಜಮೀನು ಕೊಳ್ಳದ ಹಾಗೆ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ಅಡ್ಡ ನಿಂತಿದ್ದವು. ಅವನ್ನು ದಾಟೋಕೆ ಜನ ಸಾವಿರ ಉಪಾಯ ಮಾಡ್ತಿದ್ದರು, ಅದು ಬೇರೆ ಮಾತು. 2020ರಲ್ಲಿ ಆ ಕಲಂಗಳನ್ನೇ ತೆಗೆದುಹಾಕಿದರು. ಈಗ ಸಂಬಳದ ದುಡ್ಡಿಗೂ ರಾಗಿ ಬೆಳೆದ ದುಡ್ಡಿಗೂ ಒಂದೇ ಸಂತೆಯಲ್ಲಿ ಪೈಪೋಟಿ. ಪಕ್ಕದ ಅರ್ಧ ಎಕರೆ ಸೇರಿಸ್ಕೊಂಡು ಬೇಸಾಯ ಗಟ್ಟಿ ಮಾಡ್ಕೊಳ್ಳೋಣ ಅಂತಿದ್ದ ಊರಿನ ಹುಡುಗ ಆ ಪೈಪೋಟಿಯಲ್ಲಿ ಎಲ್ಲಿ ನಿಲ್ತಾನೆ?

ತೋಟದ ಮನೆಗೂ ಲೆಕ್ಕ ಇದೆ. 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಭೂ ಪರಿವರ್ತನೆ ಮಾಡಿಸದೆ ಕಟ್ಟೋದಾದ್ರೆ ಹಿಡುವಳಿಯ ಶೇಕಡ 10 ಮೀರೋ ಹಾಗಿಲ್ಲ. ಎಕರೆಗೆ ನಲವತ್ತು ಗುಂಟೆ, ಅಂದರೆ ನಾಲ್ಕು ಗುಂಟೆ, 4,356 ಚದರಡಿ. ಅದೂ ರೈತನ ಸ್ವಂತ ಬಳಕೆಗೆ, ಬಾಡಿಗೆ ವ್ಯಾಪಾರಕ್ಕಲ್ಲ. ಕಾನೂನು ಮಾಡಿದವರ ಕಣ್ಣ ಮುಂದೆ ಇದ್ದದ್ದು ನೇಗಿಲು ಇಡೋ, ದನ ಕಟ್ಟೋ ಮನೆ. ಈಜುಕೊಳ ಅಲ್ಲ.

ಇನ್ನು ಕಾಂಪೌಂಡು. ಹೊಸಬರು ಮೊದಲು ಕಟ್ಟೋದೇ ಅದನ್ನ. ಎಷ್ಟೋ ಕಾಲದಿಂದ ಗಾಡಿ, ದನ ಓಡಾಡ್ತಿದ್ದ ಬಂಡಿದಾರಿ ಗೋಡೆಯೊಳಗೆ ಸೇರಿಹೋಗುತ್ತೆ. ಹಿಂದಿನ ಹೊಲದವನು ಗೊಬ್ಬರ ಹೊಡೆಯೋಕೆ ಸುತ್ತು ಹಾಕಬೇಕು, ಇಲ್ಲವೇ ನಕಾಶೆ ಹಿಡ್ಕೊಂಡು ತಾಲ್ಲೂಕು ಕಚೇರಿ ಸುತ್ತಬೇಕು. ತಿಂಗಳಿಗೆರಡು ದಿನ ಬರೋರ ಹುಲ್ಲುಹಾಸಿಗೆ ಕೊರೆಸಿದ ಬೋರು, ಪಕ್ಕದವನ ತೆಂಗಿನ ಮರಗಳು ಕುಡಿಯೋ ಅದೇ ನೀರನ್ನ ಎತ್ತುತ್ತೆ. ನೆಲದೊಳಗೆ ಕಾಂಪೌಂಡ್ ಇಲ್ಲ ಸ್ವಾಮಿ.

“ನಮ್ಮ ದುಡ್ಡು, ನಮ್ಮ ಜಮೀನು, ನಿಮ್ಮೂರಿನವರೇ ತಾನೇ ಮಾರಿದ್ದು?” ಅಂತ ಕೇಳ್ತಾರೆ. ಹೌದು, ಮಾರಿದ್ದು ನಮ್ಮವರೇ. ಮಗಳ ಮದುವೆಗೆ, ಆಸ್ಪತ್ರೆ ಖರ್ಚಿಗೆ, ಬತ್ತಿದ ಬೋರಿನ ಸಾಲಕ್ಕೆ ಮಾರಿದ್ದಾರೆ. ಕೊಂಡವರನ್ನ ಕಳ್ಳರು ಅಂತ ನಾನು ಹೇಳ್ತಿಲ್ಲ. ಆದ್ರೆ ಜಮೀನಿಗೆ ದುಡ್ಡು ಕೊಟ್ಟ ಮಾತ್ರಕ್ಕೆ ಊರು ಸಿಗಲ್ಲ. ನಾಳೆ ಕೈಲಾಗದ ಕಾಲಕ್ಕೆ ಬೇಕಾಗೋದು ಊರೇ. ದಾರಿ ಮುಚ್ಚಿಸಿಕೊಂಡವನ ಮನೆ ಬಾಗಿಲಿಗೆ ಯಾವ ಮುಖ ಇಟ್ಕೊಂಡು ನಡುರಾತ್ರಿ ಹೋಗಿ ನಿಲ್ತೀರಿ?

ಹಳ್ಳಿಗೆ ಬರಬೇಡಿ ಅಂತ ಯಾರೂ ಹೇಳ್ತಿಲ್ಲ. ಬನ್ನಿ. ಕಟ್ಟೋ ಮೊದಲು ಊರೊಳಗೆ ಬಾಡಿಗೆ ಮನೆ ಹಿಡಿದು ಒಂದು ಬೇಸಿಗೆ, ಒಂದು ಮಳೆಗಾಲ ಕಳೀರಿ. ಕರೆಂಟು ಹೋದ ರಾತ್ರಿ, ಬಸ್ಸು ತಪ್ಪಿದ ಬೆಳಿಗ್ಗೆ, ಎಲ್ಲ ನೋಡಿ. ಮದುವೆಗೆ ಹೋಗಿ, ಸಾವಿಗೂ ಹೋಗಿ. ಆಮೇಲೆ ಊರಿಗೆ ಅಂಟಿಕೊಂಡಂತೆ ಮನೆ ಕಟ್ಟಿ, ಹೊಲದ ನಡುವೆ ಬೇಡ. ಜಮೀನು ಬೀಳು ಬಿಡಬೇಡಿ. ನಿಮ್ಮ ಕೈಲಾಗದಿದ್ದರೆ ಮಾಡೋರಿಗೆ ಮಾಡೋಕೆ ಬಿಡಿ. ರಾಗಿ ಹೊಲದಲ್ಲಿ ಅವರೆ, ತೊಗರಿಯ ಅಕ್ಕಡಿ ಸಾಲು ಇರಲಿ. ದಾರಿ ಬಿಡಿ. ಇಷ್ಟು ಮಾಡಿದ ಮೇಲೂ ನಿಮ್ಮ ಪ್ಲಾನ್ ಬದಲಾಗುತ್ತೆ. ಆದ್ರೆ ಈ ಸಲ ಅದು ಚಿಕ್ಕದಾಗುತ್ತೆ.

ಚಿಕ್ಕದು ಮಾಡೋಕೆ ಎಲ್ಲಿಂದ ಶುರು ಮಾಡೋದು ಅಂತ ಗೊತ್ತಾಗದಿದ್ದರೆ ನಾನೇ ಹೇಳ್ತೀನಿ: ಮೊದಲು ಆ ಮೆಟ್ಟಿಲು ಅಳಿಸಿ. ಮೇಲಿನ ರೂಮು ತಾನಾಗೇ ಬೀಳುತ್ತೆ, ಅದರ ಹಿಂದೆ ಅರ್ಧ ಸಾಲವೂ ಬೀಳುತ್ತೆ. ಆಗ ಅಂದುಕೊಂಡಿದ್ದಕ್ಕಿಂತ ಐದು ವರ್ಷ ಮೊದಲೇ, ಮಂಡಿ ಇನ್ನೂ ಗಟ್ಟಿಯಿರುವಾಗಲೇ, ಊರಿಗೆ ಬರಬಹುದು.